ತುಳಿದದ್ದು ಯಾವ ಲೆಕ್ಕಕ್ಕೆ?

ಅಪ್ಪ ಇಪ್ಪತ್ತೆರಡು ವರ್ಷ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬಂದವರು. ರಾಜಾಜಿನಗರದ ಮನೆಯಿಂದ ಜಾಲಹಳ್ಳಿ ಕಡೆಯ ಕಾರ್ಖಾನೆಗೆ ಎಂಟು ಕಿಲೋಮೀಟರ್ ಚಿಲ್ಲರೆ. ಬೆಳಗಿನ ಪಾಳಿ ಇದ್ದರೆ ಕತ್ತಲಲ್ಲೇ ಹೊರಡಬೇಕು. ಕ್ಯಾರಿಯರ್‌ಗೆ ಸಿಕ್ಕಿಸಿದ ಬುತ್ತಿ ಡಬ್ಬಿ, ಚೈನಿಗೆ ಸಿಗದಂತೆ ಪ್ಯಾಂಟಿನ ಬಲಗಾಲಿಗೆ ಸ್ಟೀಲಿನ ಕ್ಲಿಪ್ಪು, ಟೈರಿಗೆ ಒತ್ತಿಕೊಂಡು ಗುಯ್ಯೆನ್ನುವ ಡೈನಮೋ. ಸಂಜೆ ಬಂದವರು ಕಾಲು ತೊಳೆದು, ಜಗುಲಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಅದನ್ನು ವ್ಯಾಯಾಮ ಎಂದು ನಮ್ಮ ಮನೆಯಲ್ಲಿ ಯಾರೂ ಕರೆದದ್ದಿಲ್ಲ. ಬಸ್ಸಿನ ದುಡ್ಡು ಉಳಿಸುವ ದಾರಿ, ಅಷ್ಟೇ.

1984ರಲ್ಲಿ ಮನೆಗೆ ಮೊಪೆಡ್ ಬಂತು. ಸೈಕಲ್ಲು ಸ್ವಲ್ಪ ದಿನ ಹಿತ್ತಲ ಗೋಡೆಗೆ ಒರಗಿಕೊಂಡಿದ್ದು, ಆಮೇಲೆ ಹಳೇ ಕಬ್ಬಿಣದವನ ಪಾಲಾಯಿತು. ಹನ್ನೆರಡು ವರ್ಷ ಕಳೆದು, ನಿವೃತ್ತಿಯ ವರ್ಷವೇ ಅಪ್ಪನಿಗೆ ಎದೆನೋವು ಕಾಣಿಸಿಕೊಂಡಿತು. "ದಿನಾ ಅರ್ಧ ಗಂಟೆಯಾದರೂ ಮೈ ಬಗ್ಗಿಸಿ ಯಜಮಾನ್ರೇ, ವ್ಯಾಯಾಮ ಅನ್ನೋದೇ ಇಲ್ಲ ನಿಮಗೆ" ಎಂದರು ಡಾಕ್ಟರು. ಅಪ್ಪನಿಗೆ ಸಿಟ್ಟು ಬಂತು. "ಇಪ್ಪತ್ತೆರಡು ವರ್ಷ ತುಳಿದಿದ್ದು ಯಾವ ಲೆಕ್ಕಕ್ಕೂ ಇಲ್ವಾ ಡಾಕ್ಟ್ರೇ?"

ಡಾಕ್ಟರು ನಕ್ಕು ಚೀಟಿ ಬರೆದುಕೊಟ್ಟರು. ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಈಗ ನಾನೂ ವಾರಕ್ಕೆ ನಾಲ್ಕು ದಿನ ಸೈಕಲ್ಲಿನಲ್ಲಿ ಕಚೇರಿಗೆ ಹೋಗುತ್ತೇನೆ. ನನ್ನ ಕೈಯಲ್ಲಿ ಎದೆಬಡಿತ ಎಣಿಸುವ ಗಡಿಯಾರವಿದೆ. ನಾನು ಮಾಡುವುದಕ್ಕೆ ಫಿಟ್‌ನೆಸ್ ತರಬೇತಿ ಎಂಬ ಹೆಸರಿದೆ. ಅಪ್ಪ ಮಾಡಿದ್ದಕ್ಕೆ ಯಾಕೆ ಇರಲಿಲ್ಲ? ಇದಕ್ಕೆ ಉತ್ತರ ಹುಡುಕಿದರೆ ಸೈಕಲ್ಲಿನ ಚರಿತ್ರೆಯ ಜೊತೆಗೆ ದುಡಿಮೆಯ ಚರಿತ್ರೆಯನ್ನೂ ಓದಬೇಕಾಗುತ್ತದೆ.

ಸೈಕಲ್ಲು ಹುಟ್ಟಿದ್ದು ಉಳ್ಳವರ ಆಟದ ಸಾಮಾನಾಗಿ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ ಎರಡು ಚಕ್ರದ ಮರದ ಗಾಡಿಗೆ ಪೆಡಲೇ ಇರಲಿಲ್ಲ. ಕಾಲಿಂದ ನೆಲ ಒದೆಯುತ್ತ ಸಾಗಬೇಕಿತ್ತು. ಇಂದಿನ ಸೈಕಲ್ಲಿನ ರೂಪ ಸ್ಥಿರವಾದದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಸೈಕಲ್ಲಿನಿಂದ: ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. ಮೂರು ವರ್ಷದ ನಂತರ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. 1890ರ ದಶಕದಲ್ಲಿ ಯುರೋಪು, ಅಮೆರಿಕದ ಅನುಕೂಲಸ್ಥರಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಆಗ ಡಾಕ್ಟರುಗಳು ಅದರ ಆರೋಗ್ಯದ ಪರಿಣಾಮವನ್ನು ಕುರಿತು ಬಹಳ ಚರ್ಚೆ ಮಾಡಿದರು. ಬೆನ್ನು ಗೂನಾಗುತ್ತದೆ, ಹೃದಯಕ್ಕೆ ಆಯಾಸವಾಗುತ್ತದೆ, ಸಮತೋಲ ಕಾಯುವ ಆತಂಕದಲ್ಲಿ ಮುಖವೇ ಬಿಗಿದುಕೊಂಡು 'ಸೈಕಲ್ ಮುಖ' ಆಗುತ್ತದೆ ಎಂದೆಲ್ಲ ಎಚ್ಚರಿಸಿದವರಿದ್ದರು. ಒಳ್ಳೆಯ ಗಾಳಿ, ಒಳ್ಳೆಯ ಕಸರತ್ತು ಎಂದು ಹೊಗಳಿದವರೂ ಇದ್ದರು.

ಬೆಲೆ ಇಳಿದು ಸೈಕಲ್ಲು ಕಾರ್ಮಿಕರ ಕೈಗೆ ಬಂದ ಮೇಲೆ ಈ ಚರ್ಚೆ ತಣ್ಣಗಾಯಿತು. ವಿರಾಮದಲ್ಲಿ ತುಳಿದರೆ ಅದು ಆರೋಗ್ಯದ ವಿಷಯ. ಕೆಲಸಕ್ಕೆಂದು ತುಳಿದರೆ ಬರೀ ಸಾಗಾಟ. ಈ ಭೇದ ಮುಂದೆ ಅರ್ಧ ಶತಮಾನ ಹಾಗೇ ಉಳಿಯಿತು.

ನಮ್ಮಲ್ಲಿ ಸೈಕಲ್ಲು ದೊಡ್ಡ ಸಂಖ್ಯೆಯಲ್ಲಿ ಜನಸಾಮಾನ್ಯರ ಕೈಗೆ ಬಂದದ್ದು ಸ್ವಾತಂತ್ರ್ಯದ ನಂತರ. ಮದರಾಸಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನೀಪತ್ತಿನಲ್ಲಿ ಅಟ್ಲಾಸ್ 1951ರಲ್ಲಿ, ಲೂಧಿಯಾನದಲ್ಲಿ ಹೀರೋ 1956ರಲ್ಲಿ ಶುರುವಾದವು. ಅದೇ ಕಾಲದಲ್ಲಿ ಬೆಂಗಳೂರು ಕಾರ್ಖಾನೆಗಳ ಊರಾಗುತ್ತಿತ್ತು. ವಿಮಾನ ಕಾರ್ಖಾನೆ 1940ರಲ್ಲೇ ಬಂದಿತ್ತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಇವೆಲ್ಲ ಇದ್ದದ್ದು ಆಗಿನ ಊರಾಚೆ: ದೂರವಾಣಿನಗರ, ಜಾಲಹಳ್ಳಿ. ಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಶ್ರೀರಾಮಪುರದಲ್ಲೋ ಇದ್ದವರು ಅಲ್ಲಿಗೆ ತಲುಪಬೇಕು. ಕಾರ್ಖಾನೆಯ ಬಸ್ಸು ಸಿಕ್ಕವರು ಬಸ್ಸಿನಲ್ಲಿ, ಉಳಿದವರು ಸೈಕಲ್ಲಿನಲ್ಲಿ. ಸೈರನ್ ಆದ ಮೇಲೆ ಗೇಟಿನಿಂದ ಸೈಕಲ್ಲುಗಳು ಹೊಳೆಯ ಹಾಗೆ ಹೊರಬರುತ್ತಿದ್ದುದನ್ನು ಅಪ್ಪನ ಕಾಲದವರು ಇವತ್ತಿಗೂ ನೆನೆಯುತ್ತಾರೆ.

ಆ ಸೈಕಲ್ಲಿಗೆ ಸರ್ಕಾರದ ಲೆಕ್ಕವೊಂದಿತ್ತು. ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಲೋಹದ ಬಿಲ್ಲೆ ಪಡೆದು ಸೈಕಲ್ಲಿಗೆ ಸಿಕ್ಕಿಸಬೇಕು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ತೆರಿಗೆಗೂ ದಂಡಕ್ಕೂ ಲೆಕ್ಕವಿತ್ತು. ಆ ಕಾಲುಗಳು, ಆ ಹೃದಯಗಳು ದಿನಕ್ಕೆ ಎರಡು ಸಲ ಏನು ಮಾಡುತ್ತಿವೆ ಎಂಬುದಕ್ಕೆ ಇರಲಿಲ್ಲ.

ಆ ಎರಡನೆಯ ಲೆಕ್ಕ ಶುರುವಾದದ್ದು ಲಂಡನ್ನಿನಲ್ಲಿ. ಶುರು ಮಾಡಿದವರು ಜೆರ್ರಿ ಮಾರಿಸ್. 1910ರಲ್ಲಿ ಹುಟ್ಟಿ, ಗ್ಲ್ಯಾಸ್ಗೊದ ಬಡತನ ನೋಡುತ್ತ ಬೆಳೆದ ವೈದ್ಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು, ಕಾರಣ ಸ್ಪಷ್ಟವಿರಲಿಲ್ಲ. ಬೇರೆಬೇರೆ ಕಸುಬಿನವರನ್ನು ಹೋಲಿಸಿ ನೋಡಿದರೆ ಏನಾದರೂ ಸುಳಿವು ಸಿಕ್ಕೀತು ಎಂದು ಮಾರಿಸ್ ಮತ್ತು ಸಂಗಡಿಗರು ಲಂಡನ್ ಸಾರಿಗೆಯ ಸುಮಾರು 31,000 ನೌಕರರ ದಾಖಲೆ ಹಿಡಿದು ಕೂತರು.

ಲಂಡನ್ನಿನ ಎರಡಂತಸ್ತಿನ ಬಸ್ಸಿನಲ್ಲಿ ಇಬ್ಬರ ದುಡಿಮೆ. ಡ್ರೈವರ್ ಪಾಳಿಯ ನೂರಕ್ಕೆ ತೊಂಬತ್ತು ಪಾಲು ಹೊತ್ತು ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಇಬ್ಬರೂ ಒಂದೇ ವರ್ಗದವರು, ಒಂದೇ ಊರಿನವರು, ಒಂದೇ ಬಸ್ಸಿನ ಗಾಳಿ ಕುಡಿಯುವವರು. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು: ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ. ಬಂದರೂ ತಡವಾಗಿ ಬರುತ್ತದೆ, ಅಷ್ಟು ಬೇಗ ಪ್ರಾಣ ತೆಗೆಯುವುದಿಲ್ಲ. ಮಾರಿಸ್ ಅಂಚೆ ಇಲಾಖೆಯನ್ನೂ ನೋಡಿದರು. ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಕಾಗದ ಹಂಚುವ ಪೋಸ್ಟ್‌ಮನ್ನುಗಳ ಹೃದಯ, ಕೂತು ಕೆಲಸ ಮಾಡುವ ಗುಮಾಸ್ತರ ಮತ್ತು ಟೆಲಿಫೋನ್ ನೌಕರರ ಹೃದಯಕ್ಕಿಂತ ಗಟ್ಟಿಯಾಗಿತ್ತು.

ಇಲ್ಲಿ ಒಂದು ತಕರಾರು ಏಳುತ್ತದೆ. ಗಟ್ಟಿಮುಟ್ಟಾಗಿದ್ದವರೇ ಕಂಡಕ್ಟರ್ ಕೆಲಸಕ್ಕೆ ಸೇರಿದ್ದರೆ? ಮಾರಿಸ್ ಇದನ್ನು ಪರೀಕ್ಷಿಸಲು ಹೋದದ್ದು ಸಮವಸ್ತ್ರದ ದಾಖಲೆಗೆ. ಸಂಸ್ಥೆ ನೌಕರರಿಗೆ ಪ್ಯಾಂಟು ಹೊಲಿಸಿಕೊಡುತ್ತಿತ್ತು, ಸೊಂಟದ ಅಳತೆ ಬರೆದಿಟ್ಟಿತ್ತು. ನೋಡಿದರೆ ಡ್ರೈವರ್‌ಗಳ ಸೊಂಟ ಎಲ್ಲ ವಯಸ್ಸಿನಲ್ಲೂ ದಪ್ಪ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಸ್ವಲ್ಪ ದಪ್ಪ! ತನ್ನ ವಾದಕ್ಕೇ ತೊಡಕಾಗುವ ಈ ಅಂಶವನ್ನು ಅವರು 1956ರಲ್ಲಿ ತಾವೇ ಪ್ರಕಟಿಸಿದರು. ಮೆಟ್ಟಿಲಿನ ಪಾತ್ರ ಎಷ್ಟು, ಮೊದಲೇ ಇದ್ದ ಮೈಕಟ್ಟಿನ ಪಾತ್ರ ಎಷ್ಟು ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಮುಂದಿನ ಮೂವತ್ತು ವರ್ಷ ದುಡಿದರು.

ಆ ಮೂವತ್ತು ವರ್ಷದಲ್ಲಿ ಕೆಲಸದ ಸ್ವರೂಪವೇ ಬದಲಾಯಿತು. ಶ್ರಮ ಕಡಿಮೆಯಾಗಿ ಮೇಜು ಹೆಚ್ಚಾಯಿತು. ಹಾಗಾಗಿ ಮಾರಿಸ್ ಸರ್ಕಾರಿ ಕಚೇರಿಯ ಅಧಿಕಾರಿಗಳ ಕಡೆ ತಿರುಗಿದರು. ಎಲ್ಲರದೂ ಕೂತು ಮಾಡುವ ಕೆಲಸ; ವ್ಯತ್ಯಾಸವಿದ್ದರೆ ಅದು ಕಚೇರಿಯ ಹೊರಗೆ. ಸೋಮವಾರ ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಹೋಗಿ, ಹಿಂದಿನ ಶುಕ್ರವಾರ ಶನಿವಾರ ಏನೇನು ಮಾಡಿದಿರಿ ಎಂದು ಬರೆಸಿಕೊಂಡರು. 1976ರಿಂದ ಹತ್ತು ವರ್ಷ 9,376 ಅಧಿಕಾರಿಗಳನ್ನು ಹಿಂಬಾಲಿಸಿದ ಅಧ್ಯಯನ 1990ರಲ್ಲಿ ಹೊರಬಂತು. ಜೋರಾದ ಆಟಗಳನ್ನು ಆಗಾಗ ಆಡುವವರಿಗೆ, ಹೆಚ್ಚು ಸೈಕಲ್ ತುಳಿಯುವವರಿಗೆ, ಗಂಟೆಗೆ 6.4 ಕಿಲೋಮೀಟರಿಗಿಂತ ವೇಗವಾಗಿ ನಡೆಯುವವರಿಗೆ ಹೃದಯಾಘಾತ ಉಳಿದವರ ಅರ್ಧಕ್ಕಿಂತ ಕಡಿಮೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು. ಹಿಂದೆ ಆಡಿ, ಈಗ ಬಿಟ್ಟವರಿಗೆ ಆ ಹಿಂದಿನ ಆಟದಿಂದ ರಕ್ಷಣೆಯಿಲ್ಲ. ದೇಹ ಬ್ಯಾಂಕಿನ ಠೇವಣಿಯಲ್ಲ. ನಿನ್ನೆ ಮೊನ್ನೆಯ ಶ್ರಮ ಅದಕ್ಕೆ ಗೊತ್ತು. ಹತ್ತು ವರ್ಷದ ಹಿಂದಿನದು ಗೊತ್ತಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ಹಿತ್ತಲ ಗೋಡೆಗೆ ಒರಗಿದ್ದ ಸೈಕಲ್ಲು ನೆನಪಾಯಿತು.

ಶ್ರಮ ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಹುಡುಕುತ್ತಿದ್ದವರು ಬೇರೆ. ಅವರಿಗೂ ನೆರವಾದದ್ದು ಸೈಕಲ್ಲೇ, ಆದರೆ ಮುಂದೆ ಹೋಗದ ಸೈಕಲ್ಲು. ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್ 1913ರಲ್ಲಿ ತುಳಿತದ ಶಕ್ತಿಯನ್ನು ಕರಾರುವಾಕ್ಕಾಗಿ ಅಳೆಯುವ ನಿಂತ ಸೈಕಲ್ಲನ್ನು ವಿವರಿಸಿದ. ಅದೇ ಕ್ರೋಗ್‌ಗೆ ಸ್ನಾಯುಗಳ ಸೂಕ್ಷ್ಮ ರಕ್ತನಾಳಗಳ ಮೇಲಿನ ಸಂಶೋಧನೆಗೆ 1920ರ ನೊಬೆಲ್ ಬಂತು. ಇಂದು ನಾವು ತಿಳಿದಿರುವ ತರಬೇತಿಯ ಗುಟ್ಟು ಹೀಗಿದೆ: ವಾರವಾರವೂ ಎಡೆಬಿಡದೆ ತುಳಿದಾಗ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ದೂಡಲು ಕಲಿಯುತ್ತದೆ, ತೊಡೆಯ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ, ಇಂಧನ ಉರಿಸುವ ಮೈಟೊಕಾಂಡ್ರಿಯಾಗಳೂ ಹೆಚ್ಚುತ್ತವೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತವೆ.

ಅಮೆರಿಕದಲ್ಲಿ ಈ ವಿಚಾರವನ್ನು ಜನರ ಕಿವಿಗೆ ಮುಟ್ಟಿಸಿದ್ದು ಒಬ್ಬ ದೊಡ್ಡ ರೋಗಿ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾಯಿತು. ಅವರನ್ನು ನೋಡಿಕೊಂಡ ಬಾಸ್ಟನ್ನಿನ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್, ನಡೆಯಿರಿ, ಸೈಕಲ್ ತುಳಿಯಿರಿ ಎಂದು ದೇಶಕ್ಕೇ ಹೇಳತೊಡಗಿದರು. ಬಾಸ್ಟನ್ನಿನ ಚಾರ್ಲ್ಸ್ ನದಿಯ ದಂಡೆಯ ಸೈಕಲ್ ಹಾದಿಗೆ ಅವರದೇ ಹೆಸರಿದೆ. 1968ರಲ್ಲಿ ಕೆನೆತ್ ಕೂಪರ್ 'ಏರೋಬಿಕ್ಸ್' ಪುಸ್ತಕದಲ್ಲಿ ಪ್ರತಿ ಚಟುವಟಿಕೆಗೂ ಅಂಕ ಕೊಟ್ಟರು. ಅಲ್ಲಿಂದ ವ್ಯಾಯಾಮಕ್ಕೆ ದಿನದಲ್ಲಿ ಪ್ರತ್ಯೇಕ ಗಂಟೆ, ಪ್ರತ್ಯೇಕ ಬಟ್ಟೆ, ಪ್ರತ್ಯೇಕ ಕೋಣೆ ಬಂದವು. ಜನ ಕಾರಿನಲ್ಲಿ ಜಿಮ್ಮಿಗೆ ಹೋಗಿ, ಅಲ್ಲಿ ನಿಂತ ಸೈಕಲ್ಲನ್ನು ತುಳಿದು, ಕಾರಿನಲ್ಲಿ ಮನೆಗೆ ಬರತೊಡಗಿದರು.

ಕೆಲಸದ ಹಾದಿಯ ತುಳಿತವನ್ನೇ ಬೇರೆಯಾಗಿ ಅಳೆದದ್ದು ಸೈಕಲ್ ಬಿಡದ ಊರುಗಳು. ಕೋಪನ್‌ಹೇಗನ್ನಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದು 2000ದಲ್ಲಿ ಬಂತು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗದವರ ಸಾವಿನ ಪ್ರಮಾಣ, ಹೋಗುವವರಿಗಿಂತ ಶೇ. 39ರಷ್ಟು ಹೆಚ್ಚು. ವಿರಾಮದ ಆಟೋಟಗಳನ್ನು ಲೆಕ್ಕದಿಂದ ಬದಿಗಿಟ್ಟ ಮೇಲೂ ಈ ಅಂತರ ಉಳಿಯಿತು. ಅಂದರೆ ಕೆಲಸದ ಹಾದಿಗೆ ತನ್ನದೇ ಫಲವಿದೆ.

ಅದೇ ವರ್ಷ ನೆದರ್‌ಲ್ಯಾಂಡ್ಸಿನ ಸಣ್ಣ ಪ್ರಯೋಗವೊಂದು ಪ್ರಕಟವಾಯಿತು. ಎರಡು ದೊಡ್ಡ ಸಂಸ್ಥೆಗಳ ನೌಕರರಲ್ಲಿ ಒಂದು ಗುಂಪಿಗೆ ಆರು ತಿಂಗಳು ವಾರಕ್ಕೆ ಕನಿಷ್ಠ ಮೂರು ದಿನ ಸೈಕಲ್ಲಿನಲ್ಲಿ ಬರಲು ಹೇಳಿದರು. ಬಂದವರ ಒಂದು ಕಡೆಯ ಸರಾಸರಿ ದೂರ 8.5 ಕಿಲೋಮೀಟರ್. ಆರು ತಿಂಗಳಲ್ಲಿ ಅವರ ಗರಿಷ್ಠ ತುಳಿತದ ಶಕ್ತಿ ಶೇ. 13ರಷ್ಟು ಏರಿತು. ಮೊದಲಲ್ಲಿ ತೀರಾ ದುರ್ಬಲರಾಗಿದ್ದವರಿಗೆ 3 ಕಿಲೋಮೀಟರೇ ಸಾಕಾಗಿತ್ತು. ಕೋಚ್ ಇಲ್ಲ, ಜಿಮ್ ಇಲ್ಲ. ಮೂರು ದಿನ ಹೋಗಬೇಕು, ಬಿಡದೆ ಹೋಗಬೇಕು, ಅಷ್ಟೇ. ಅಪ್ಪನ ದೂರ ಹೆಚ್ಚುಕಡಿಮೆ ಇದೇ. ಅವರು ವಾರಕ್ಕೆ ಆರು ದಿನ, ಇಪ್ಪತ್ತು ಕಿಲೋ ತೂಗುವ ಗೇರಿಲ್ಲದ ಸೈಕಲ್ಲಿನಲ್ಲಿ ಹೋಗುತ್ತಿದ್ದರು.

ನನ್ನ ಅನುಭವವೂ ಇದಕ್ಕೆ ದೂರವಿಲ್ಲ. ಒಂದು ಕಡೆಗೆ ಏಳು ಕಿಲೋಮೀಟರ್, ಇಪ್ಪತ್ತೈದು ಮೂವತ್ತು ನಿಮಿಷ. ನಾಲ್ಕು ದಿನಕ್ಕೆ ಇನ್ನೂರು ನಿಮಿಷಕ್ಕೆ ಕಡಿಮೆಯಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ದಾರಿಯಲ್ಲೇ ಮುಗಿಯುತ್ತದೆ. ಎರಡು ದಿನ ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಸಲೀಸಾಗಿ ತುಳಿಯುತ್ತೇನೆ. ಇನ್ನೆರಡು ದಿನ ಮೇಲ್ಸೇತುವೆಯ ಏರು ಸಿಕ್ಕಾಗ ಮಾತು ನಿಲ್ಲುವಷ್ಟು ಜೋರಾಗಿ. ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಡುವುದೇ ಒಂದು ಕಸರತ್ತು. ಮೊದಲ ತಿಂಗಳು ಏರಿನಲ್ಲಿ ಇಳಿದು ತಳ್ಳಿದ್ದೂ ಇದೆ.

ಆದರೆ ಈ ಲೆಕ್ಕದಲ್ಲಿ ಖರ್ಚಿನ ಕಲಮೂ ಇದೆ. 2017ರಲ್ಲಿ ಗ್ಲ್ಯಾಸ್ಗೊದ ಸಂಶೋಧಕರು ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸಾವಿನ ಅಪಾಯ ಶೇ. 41ರಷ್ಟು ಕಡಿಮೆ ಎಂದಿದ್ದರು. ಇಂಥ ಅಧ್ಯಯನದಲ್ಲಿ ಮಾರಿಸ್‌ಗೆ ಎದುರಾದ ಪ್ರಶ್ನೆ ಇದ್ದೇ ಇರುತ್ತದೆ: ಗಟ್ಟಿಯಿರುವವರೇ ಸೈಕಲ್ ಹತ್ತುತ್ತಾರೋ ಏನೋ. 2020ರಲ್ಲಿ ಅದೇ ಮಾಹಿತಿಯಿಂದ ಗಾಯಗಳ ಲೆಕ್ಕ ಹೊರಬಂತು. ಸಾವಿರ ಜನ ಹತ್ತು ವರ್ಷ ಸೈಕಲ್ಲಿಗೆ ಬದಲಾದರೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುವವರು 15 ಕಡಿಮೆ, ಹೃದಯ ಮತ್ತು ರಕ್ತನಾಳದ ಕಾಯಿಲೆ 4 ಕಡಿಮೆ, ಸಾವು 3 ಕಡಿಮೆ. ಆದರೆ ಗಾಯಗೊಂಡು ಆಸ್ಪತ್ರೆ ಸೇರುವವರು 26 ಹೆಚ್ಚು. ಒಟ್ಟಿನಲ್ಲಿ ಲಾಭವೇ. ಅದು ಬ್ರಿಟನ್ನಿನ ರಸ್ತೆಯ ಲೆಕ್ಕ ಎಂಬುದನ್ನು ಮರೆಯಬಾರದು. ಹೊಗೆಯ ವಿಷಯದಲ್ಲೂ ಹೀಗೆಯೇ. 2016ರ ಒಂದು ಲೆಕ್ಕಾಚಾರದಂತೆ, ಗಾಳಿಯ ಸೂಕ್ಷ್ಮ ಧೂಳು ಘನಮೀಟರಿಗೆ 100 ಮೈಕ್ರೋಗ್ರಾಂ ಇರುವಲ್ಲಿಯೂ ದಿನಕ್ಕೆ ಒಂದೂವರೆ ಗಂಟೆಯವರೆಗೆ ತುಳಿದರೆ ನಷ್ಟಕ್ಕಿಂತ ಲಾಭವೇ ಹೆಚ್ಚು. ಉಸಿರಿಗಿಂತ ನನಗೆ ಹೆಚ್ಚು ಭಯ ಹಿಂದಿನಿಂದ ಬರುವ ಟಿಪ್ಪರಿನದು.

ಈ ಭಯ ಬರೀ ಮನಸ್ಸಿನ ವಿಷಯವಲ್ಲ, ರಸ್ತೆ ಕಟ್ಟಿದ ರೀತಿಯ ವಿಷಯ. ಡಚ್ಚರೂ ಒಮ್ಮೆ ಕಾರಿಗೆ ದಾರಿ ಬಿಟ್ಟಿದ್ದರು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು; ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಂದೆತಾಯಂದಿರು ಬೀದಿಗಿಳಿದರು, 1973ರ ತೈಲ ಬಿಕ್ಕಟ್ಟೂ ಜೊತೆಯಾಯಿತು, ಸೈಕಲ್ ಪಥಗಳು ಬಂದವು. ಎಂಟೂವರೆ ಕಿಲೋಮೀಟರ್ ತುಳಿದು ಶಕ್ತಿ ಹೆಚ್ಚಿಸಿಕೊಂಡ ಆ ನೌಕರರಿಗೆ ಇಂಥ ದಾರಿಯ ಆಸರೆಯಿತ್ತು. ಬೆಂಗಳೂರಿನಲ್ಲೂ 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಕಂಬ ನೆಟ್ಟು ಸೈಕಲ್ ಪಥ ಗುರುತಿಸಿದರು. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು.

ಪಥ ಬೇಕೆಂದು ಕೇಳುವಾಗ ನಮ್ಮಂಥವರನ್ನೇ ಎದುರಿಗಿಟ್ಟುಕೊಂಡು ಮಾತಾಡುತ್ತೇವೆ: ಹೆಲ್ಮೆಟ್, ಗೇರು, ಗಡಿಯಾರ ಇರುವವರು. 2011ರ ಜನಗಣತಿಯ ಪ್ರಕಾರ ದೇಶದ ಕೃಷಿಯೇತರ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 13 ಮಂದಿ ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿ. ಸ್ಕೂಟರ್, ಬೈಕಿನವರಿಗಿಂತ ಅವರು ತುಸು ಹೆಚ್ಚೇ ಇದ್ದರು. ನನ್ನ ದಾರಿಯಲ್ಲಿ ಬೆಳಿಗ್ಗೆ ಏಳೂವರೆಗೆ ಸಿಗುವವರು ಅವರೇ: ಹ್ಯಾಂಡಲ್ಲಿಗೆ ಕರಣೆ, ತೂಕದ ಗುಂಡು ಇರುವ ಚೀಲ ನೇತುಹಾಕಿದ ಗಾರೆಯವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಸೆಕ್ಯುರಿಟಿಯವರು. ಒಬ್ಬರು ಗಾರೆಯವರು ಮೇಲ್ಸೇತುವೆಯ ಏರಿನಲ್ಲಿ ಹಲವು ಸಲ ನನ್ನನ್ನು ಹಿಂದೆ ಹಾಕಿದ್ದಾರೆ. ಒಂದು ದಿನ ಸಿಗ್ನಲ್ಲಿನಲ್ಲಿ ನನ್ನ ಗಡಿಯಾರ ನೋಡಿ, "ಏನು ತೋರಿಸ್ತದೆ ಸರ್ ಇದು?" ಎಂದು ಕೇಳಿದರು. ಎದೆಬಡಿತ ಎಂದೆ. "ಬಡೀತಿದೆಯಲ್ಲ, ಸಾಕು ಬಿಡಿ" ಎಂದು ಹೊರಟೇಬಿಟ್ಟರು. ಅವರು ಇನ್ನೆರಡು ವರ್ಷದಲ್ಲಿ ಬೈಕ್ ಕೊಂಡಾರು. ಕೊಳ್ಳಬೇಡಿ ಎನ್ನುವ ಹಕ್ಕು ನನಗಿಲ್ಲ. ಇಡೀ ದಿನ ಇಟ್ಟಿಗೆ ಹೊತ್ತವರಿಗೆ ಸಂಜೆಯ ಏರು ತರಬೇತಿಯಲ್ಲ, ದಣಿವು. ಅವರಿಗೂ ನನಗೂ ಸಮನಾಗಿ ಬೇಕಾದ್ದು ಟಿಪ್ಪರಿನ ಭಯವಿಲ್ಲದ ದಾರಿ.

ಮಾರಿಸ್ 2009ರಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಂಡುಕೊಂಡ ಸತ್ಯ ಸಿಕ್ಕಿದ್ದು ಆಟದ ಮೈದಾನದಲ್ಲಲ್ಲ. ಸಂಬಳಕ್ಕಾಗಿ ಮೆಟ್ಟಿಲು ಹತ್ತಿದ, ಸೈಕಲ್ ತುಳಿದ ದುಡಿಮೆಗಾರರ ಮೈಯಲ್ಲಿ. ಅಪ್ಪನಂಥವರು ತುಳಿದದ್ದು ಲೆಕ್ಕಕ್ಕಿತ್ತು, ತುಳಿಯುತ್ತಿದ್ದಷ್ಟು ದಿನ.

ಕಳೆದ ಯುಗಾದಿಗೆ ಮನೆಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಡಾಕ್ಟರ ಮಾತು ಕೇಳಿ ಇಷ್ಟು ವರ್ಷ ಬೆಳಿಗ್ಗೆ ಪಾರ್ಕು ಸುತ್ತಿದವರು, ಈಗ ವರಾಂಡದಲ್ಲೇ ಸುತ್ತುತ್ತಾರೆ. ಕಂಡಕ್ಟರು, ಡ್ರೈವರು, ಪ್ಯಾಂಟಿನ ಅಳತೆ ಎಲ್ಲ ಮನಸ್ಸಿಟ್ಟು ಕೇಳಿದರು. ಬಿಟ್ಟ ಮೇಲೆ ಹಿಂದಿನದು ಉಳಿಯುವುದಿಲ್ಲವಂತೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿತ್ತಲ ಕಡೆ ನೋಡಿ ಹೇಳಿದರು:

"ಹಂಗಾದ್ರೆ ಅದನ್ನ ಮಾರಬಾರದಿತ್ತು ಕಣೋ."